ಎಡಚಿ ಕಟ್ಟಿದ ಏರಿ

ಮೊದಲ ಬಾಣ ಬಂದು ನಾಟಿದ್ದು ಎಡಚಿಯ ಮನೆಯ ಬಾಗಿಲಿಗೆ.

ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಅವಳ ಅತ್ತೆ ಮೊರದಲ್ಲಿ ಕಾಳು ಆರಿಸುತ್ತ ಕೂತಿದ್ದಳು. ಮುದುಕಿಯ ನೆತ್ತಿಯಿಂದ ಒಂದು ಗೇಣು ಮೇಲೆ ಟಕ್ ಎಂದಿತು. ಒಳಗಿನಿಂದ ಯಾರೋ ತಟ್ಟಿದರೆಂದುಕೊಂಡು, "ತೆಗಿ, ಚಿಲಕ ಹಾಕಿಲ್ಲ" ಎಂದಳು. ತಲೆ ಎತ್ತಿ ನೋಡಿದರೆ ಹಳದಿ ಗರಿಯ ಕಪ್ಪು ಕಡ್ಡಿಯೊಂದು ಹಲಗೆಯಲ್ಲಿ ಸಿಕ್ಕಿಕೊಂಡು ಇನ್ನೂ ನಡುಗುತ್ತಿತ್ತು.

ನಲ್ಲಿಯ ಹತ್ತಿರ ಇದ್ದ ಎಡಚಿ ಕೊಡ ಅಲ್ಲೇ ಬಿಟ್ಟು ಓಡಿ ಬಂದಳು. ಅವಳು ಬರುವ ಹೊತ್ತಿಗೆ ಬೇಲಿ ದಾಟಿಕೊಂಡು ಧಣಿಯೂ ಬಂದ. ಧಣಿಯ ಹಿಂದೆ, ಅವನ ಮಗಳಿಗೆ ಬಿಲ್ಲುವಿದ್ಯೆ ಕಲಿಸಲು ನಗರದಿಂದ ಬಂದು ದೊಡ್ಡಮನೆಯಲ್ಲೇ ಉಳಿದಿದ್ದ ಗುರು ಬಂದ. ಸಾಲಿನ ಜನ ಅವನಿಗೆ ಆಗಲೇ ಗುರಿ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಮೇಷ್ಟ್ರು ಬಾಗಿಲಿಗೆ ಒಂದು ಕೈ ಊರಿ ಬಾಣವನ್ನು ಎಳೆದ. ಅಂಗೈ ಮೇಲಿಟ್ಟು ಗಿರ್ರನೆ ತಿರುಗಿಸಿದ. ಧಣಿ ಉಸಿರು ಬಿಗಿಹಿಡಿದು ನೋಡಿದ.

"ಬಾಗಿದೆಯಾ?"

"ಇಲ್ಲ ಸಾರ್. ನೆಟ್ಟಗಿದೆ."

"ಸದ್ಯ, ಬದುಕಿಕೊಂಡ್ತು."

ಮುದುಕಿ ಮೊರ ಕೆಳಗಿಟ್ಟಳು. "ನನ್ನ ತಲೆ ಒಂದು ಗೇಣು ಎತ್ತರ ಇದ್ದಿದ್ರೆ ನಿಮ್ಮ ಬಾಣಕ್ಕೆ ಪೆಟ್ಟಾಗ್ತಿತ್ತು ಧಣಿ. ನಾನು ಕುಳ್ಳಿ ಆಗಿದ್ದೇ ಒಳ್ಳೇದಾಯ್ತು."

ಧಣಿ ನಕ್ಕ. ಅವನಿಗದು ತಮಾಷೆಯಾಗಿ ಕೇಳಿಸಿತು. ಬಾಣವನ್ನು ಒರೆಸಿಕೊಂಡು ಇಬ್ಬರೂ ಹೋದರು. ಬಾಗಿಲಲ್ಲಿ ತೂತು ಉಳಿಯಿತು. ಎಡಚಿ ಅದಕ್ಕೆ ಕಿರುಬೆರಳು ಇಟ್ಟು ನೋಡಿದಳು. ಉಗುರಿನ ತುದಿ ಆಚೆ ತಲುಪಿತು.

ಸಾಲು ಎಂದರೆ ಹನ್ನೊಂದು ಮನೆ. ಎಲ್ಲವೂ ಧಣಿಯ ಜಮೀನಿನಲ್ಲಿ ಮೈಮುರಿದು ದುಡಿಯುವವರ ಮನೆ. ಅವಕ್ಕೆಲ್ಲ ಒಂದೇ ಓಣಿ. ಓಣಿಯ ಒಂದು ತುದಿಯಲ್ಲಿ ನಲ್ಲಿ, ಇನ್ನೊಂದು ತುದಿಯಲ್ಲಿ ಎಲ್ಲರಿಗೂ ಸೇರಿ ಒಂದೇ ಕಕ್ಕಸು. ಓಣಿಗೂ ದೊಡ್ಡಮನೆಯ ಹಿತ್ತಲಿಗೂ ನಡುವೆ ಉದ್ದಕ್ಕೆ ಒಂದು ಪಟ್ಟೆ ಬಯಲು. ಮೊನ್ನೆಮೊನ್ನೆಯವರೆಗೂ ಸಾಲಿನವರು ಅಲ್ಲಿ ಬಟ್ಟೆ ಒಣಹಾಕುತ್ತಿದ್ದರು, ಕೆಲಸಕ್ಕೆ ಅದರಲ್ಲೇ ಅಡ್ಡ ಹಾಯ್ದು ಹೋಗುತ್ತಿದ್ದರು. ಈಗ ಅದಕ್ಕೆ ಎರಡೂ ಪಕ್ಕ ತಂತಿ ಬೇಲಿ ಬಿದ್ದಿದೆ, ಹುಲ್ಲು ಹಾಸಿಗೆಯಂತೆ ಕತ್ತರಿಸಿದೆ. ದೊಡ್ಡಮನೆಯ ಕಡೆ ಸುಣ್ಣದ ಗೆರೆ ಎಳೆದು, ಮಗಳು ಅಲ್ಲಿ ನಿಲ್ಲುತ್ತಾಳೆ. ಎಪ್ಪತ್ತು ಮೀಟರ್ ಆಚೆ, ಸಾಲಿನ ಕಡೆ, ಹುಲ್ಲಿನ ಪಿಂಡಿಗಳನ್ನು ಒಟ್ಟಿ ಅದಕ್ಕೆ ಬಣ್ಣದ ವೃತ್ತಗಳ ಕಾಗದ ಅಂಟಿಸಿದ್ದಾರೆ. ನಡುವಿನ ಹಳದಿಗೆ ಬಿದ್ದರೆ ಚಪ್ಪಾಳೆ. ಪಿಂಡಿಗೇ ಬೀಳದಿದ್ದರೆ ಎಡಚಿಯ ಬಾಗಿಲು.

ಎಡಚಿಗೆ ಸಿಟ್ಟು ಬಂತು ಎಂದು ಬರೆದರೆ ಅರ್ಧ ಸತ್ಯ. ಸಿಟ್ಟಿಗಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚು. ಅದನ್ನು ಮುಚ್ಚಿಟ್ಟು ಅವಳನ್ನು ದೊಡ್ಡವಳನ್ನಾಗಿ ಮಾಡುವುದು ಬೇಡ.

ಯಾಕೆಂದರೆ ಬೇಲಿಯಾಚೆ ಅವಳು ಕಂಡದ್ದು ಬಲಗೈಯಲ್ಲಿ ಬಿಲ್ಲು ಹಿಡಿದು ಎಡಗೈಯಲ್ಲಿ ಹೆದೆ ಎಳೆಯುವ ಹುಡುಗಿಯನ್ನು. ಧಣಿಯ ಮಗಳೂ ಎಡಗೈಯವಳು. ಈ ಸಂಗತಿ ಲೋಕದಲ್ಲಿ ಮೊಟ್ಟಮೊದಲು ಗೊತ್ತಾದದ್ದು ಎಡಚಿಗೇ.

ಎಡಚಿ ಮೂರು ವರ್ಷ ಶಾಲೆಗೆ ಹೋಗಿದ್ದಳು. ಆ ಮೂರು ವರ್ಷವೂ ಎಡಗೈಯಲ್ಲಿ ಬರೆದದ್ದಕ್ಕೆ ಗೆಣ್ಣಿನ ಮೇಲೆ ಅಡ್ಡ ಪಟ್ಟಿಯಲ್ಲಿ ಏಟು ತಿಂದಳು. ಮನೆಯಲ್ಲಿ ಅವ್ವ ಆ ಕೈಯನ್ನು ಜಡೆಯ ಟೇಪಿನಿಂದ ಬೆನ್ನಿಗೆ ಕಟ್ಟಿ ಊಟಕ್ಕೆ ಕೂರಿಸುತ್ತಿದ್ದಳು. ಕೈ ತಿದ್ದಿಕೊಳ್ಳಲಿಲ್ಲ. ಹೆಸರು ಮಾತ್ರ ಅಂಟಿಕೊಂಡಿತು. ಹನ್ನೆರಡಕ್ಕೆ ಅವಳನ್ನು ದೊಡ್ಡಮನೆಯ ಕೂಸು ಎತ್ತಿಕೊಳ್ಳಲು ಹಾಕಿದರು. ಕೂಸು ಚಮಚಕ್ಕೆ ಕೈ ಚಾಚಿತು. ಎಡಗೈ. ಎಡಚಿ ಸುತ್ತ ನೋಡಿದಳು. ಈ ಮುದ್ದಾದ ಗೆಣ್ಣುಗಳಿಗೂ ಏಟು ಬೀಳುತ್ತದೆ ಎಂದು ಹೆದರಿ, ಯಾರೂ ನೋಡುವ ಮೊದಲೇ ಚಮಚವನ್ನು ಬಲಗೈಗೆ ದಾಟಿಸಿದಳು. ಕೂಸು ಮತ್ತೆ ಎಡಕ್ಕೆ ತೆಗೆದುಕೊಂಡಿತು. ಇವಳು ಮತ್ತೆ ದಾಟಿಸಿದಳು. ಆಮೇಲೆ ತನ್ನ ಜಡೆಯ ಟೇಪು ಬಿಚ್ಚಿದಳು. ಅಷ್ಟರಲ್ಲಿ ಕೆನ್ನೆಗೆ ಬಿತ್ತು.

"ನನ್ನ ಮಗಳ ಕೈ ಕಟ್ತೀಯೇನೇ ದರಿದ್ರದವಳೇ?" ಎಂದಳು ಧಣಿಯ ಹೆಂಡತಿ. ಅವತ್ತೇ ಅವಳನ್ನು ಮನೆಗೆಲಸದಿಂದ ಹೊಲಕ್ಕೆ ಅಟ್ಟಿದಳು.

ಎಡಗೈ ಚಾಚಿದ್ದಕ್ಕೆ ಏಟು. ಎಡಗೈ ತಿದ್ದಲು ಹೋದದ್ದಕ್ಕೂ ಏಟು. ಎರಡನ್ನೂ ತಿಂದವಳು ಇವಳೇ.

ದೊಡ್ಡಮನೆಯಲ್ಲಿ ಆ ಕೂಸನ್ನು ಮುದ್ದಿನಿಂದ ಲೆಫ್ಟಿ ಎಂದು ಕರೆದರು. ಹದಿನೇಳು ವರ್ಷದ ಮೇಲೂ ಹಾಗೇ ಕರೆಯುತ್ತಾರೆ. ಇವಳು ಎಡಚಿ, ಅವಳು ಲೆಫ್ಟಿ. ಅರ್ಥ ಒಂದೇ. ಒಂದನ್ನು ಕರೆದರೆ ಹುಡುಗಿ ನಕ್ಕು ಓಡಿ ಬರುತ್ತಾಳೆ, ಇನ್ನೊಂದನ್ನು ಕರೆದರೆ ಹೆಂಗಸು ತಲೆ ತಗ್ಗಿಸಿ ಬರುತ್ತಾಳೆ. ಲೆಫ್ಟಿಗೆ ಎಡಗೈ ಕತ್ತರಿ ಬಂತು, ಎಡಗೈಯವರಿಗೆಂದೇ ಮಾಡಿದ ಬಿಲ್ಲು ಬಂತು. ಎಡಚಿಯ ಕುಡುಗೋಲಿನ ಹಲ್ಲು ಮಾತ್ರ ಇವತ್ತಿಗೂ ಬಲಗೈಗೇ. ಉಲ್ಟಾ ಹಲ್ಲು ಹಾಕಿಕೊಡು ಎಂದು ಕಮ್ಮಾರನನ್ನು ಕೇಳಿದರೆ, ಒಬ್ಬಳಿಗೋಸ್ಕರ ಅರ ತಿರುಗಿಸಿ ಹಿಡಿಯೋಕಾಗಲ್ಲ ಎಂದಿದ್ದ. ಆ ಕುಡುಗೋಲು ಜಾರಿ ಜಾರಿ ಅವಳ ಹೆಬ್ಬೆರಳಲ್ಲಿ ಏಳು ಗಾಯದ ಗುರುತು.

ಹಾಗಾಗಿ ಬೇಲಿಯಾಚೆ ಗುರಿ ಮೇಷ್ಟ್ರು ಲೆಫ್ಟಿಯ ಎಡಮೊಣಕೈಯನ್ನು ಎರಡೇ ಬೆರಳಲ್ಲಿ ಎತ್ತಿ, "ಹಾಗೇ, ಹಾಗೇ, ಶಹಬ್ಬಾಸ್" ಎಂದಾಗೆಲ್ಲ ಎಡಚಿಯ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಗುರಿ ತಪ್ಪಲಿ, ತಪ್ಪಲಿ ಎಂದು ಒಳಗೊಳಗೇ ಶಪಿಸಿದಳು. ಶಪಿಸಿದ ಮೇಲೆ ನೆನಪಾಯಿತು. ಗುರಿ ತಪ್ಪಿದರೆ ಬಾಣ ಬರುವುದು ತನ್ನ ಬಾಗಿಲಿಗೇ, ಬಾಗಿಲಲ್ಲಿ ಕೂತಿರುವುದು ತನ್ನ ಅತ್ತೆಯೇ. ಆ ಹುಡುಗಿ ಗೆಲ್ಲಲಿ ಎಂದೇ ಹಾರೈಸಬೇಕಿತ್ತು. ನೆಮ್ಮದಿಯಾಗಿ ಹೊಟ್ಟೆಕಿಚ್ಚು ಪಡುವುದಕ್ಕೂ ಅವಳಿಗೆ ಜಾಗ ಬಿಟ್ಟಿರಲಿಲ್ಲ.

ಮಾರನೆಯ ದಿನ ಧಣಿ ಎರಡು ಅಪ್ಪಣೆ ಕೊಟ್ಟ.

ಮೊದಲನೆಯದು, ಬೆಳಿಗ್ಗೆ ಆರರಿಂದ ಎಂಟು, ಸಂಜೆ ನಾಲ್ಕರಿಂದ ಆರು, ಓಣಿಯ ಕಂಬದ ಮೇಲೆ ಕೆಂಪು ಬಾವುಟ ಹಾರುತ್ತದೆ. ಬಾವುಟ ಇಳಿಯುವವರೆಗೆ ಸಾಲಿನವರು ಯಾರೂ ಮನೆಯಿಂದ ಹೊರಗೆ ಬರಕೂಡದು. ಎರಡನೆಯದು, ಗುರಿಯ ಹಿಂದೆ ಮಣ್ಣಿನ ಏರಿ ಕಟ್ಟಬೇಕು, ತಪ್ಪಿದ ಬಾಣ ಅದರಲ್ಲಿ ಸಿಕ್ಕಿಕೊಳ್ಳಬೇಕು.

"ಹತ್ತಡಿ ಎತ್ತರ ಇರ್ಲಿ ಸಾರ್" ಎಂದ ಗುರಿ ಮೇಷ್ಟ್ರು.

"ಹತ್ತಡಿ ಮಣ್ಣು ಹೊತ್ತು ಮುಗಿಸೋ ಹೊತ್ತಿಗೆ ಲೆಫ್ಟಿಯ ಆಯ್ಕೆ ಪಂದ್ಯವೇ ಮುಗಿದಿರುತ್ತೆ. ಐದಡಿ ಸಾಕು. ಅದರ ಹಿಂದೆ ಏನಿದೆ ಅಂತ?"

ಮೇಷ್ಟ್ರು ಸಾಲಿನ ಕಡೆ ಒಮ್ಮೆ ನೋಡಿದ. ಹೌದು ಸಾರ್ ಎಂದ. ಒಂದು ಹಾಳೆಯ ಮೇಲೆ ನಕ್ಷೆ ಬರೆದ. ಕೆಳಗೆ ಒಂದು ಗೆರೆ, 'ನಿಲ್ಲುವ ಜಾಗ'. ಮೇಲೆ ಒಂದು ಗುಬುಟು, 'ಏರಿ'. ನಡುವೆ ಎಪ್ಪತ್ತು ಮೀಟರ್. ಏರಿಯ ಆಚೆ, ಹಾಳೆಯ ತುದಿಯಲ್ಲಿ, 'ಖಾಲಿ'. ದೊಡ್ಡಮನೆ ಯಾವ ಕಡೆ, ಸಾಲು ಯಾವ ಕಡೆ ಎಂದು ಬರೆಯಲಿಲ್ಲ. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಮಣ್ಣು ಕೆಲಸದ ನಾಲ್ಕು ಹೆಂಗಸರಲ್ಲಿ ಅಕ್ಷರ ಕೂಡಿಸಿ ಓದಬಲ್ಲವಳು ಎಡಚಿ ಒಬ್ಬಳೇ ಆದ್ದರಿಂದ ಹಾಳೆಯನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿ ಅವಳ ಕೈಗೆ ಕೊಟ್ಟರು.

ಅವಳು ಎಡಗೈ ಚಾಚಿದಳು.

"ಥೂ, ಬಲಗೈಲಿ ತಗೊಳ್ಳೇ" ಎಂದ ಧಣಿ. "ನಿನ್ನ ಕೈಗೆ ಕೊಟ್ಟದ್ದೆಲ್ಲ ಉಲ್ಟಾ. ಆರು ವರ್ಷದವಳಿದ್ದಾಗಿಂದ ನೋಡ್ತಿದ್ದೀನಿ. ಇದನ್ನಾದ್ರೂ ನೆಟ್ಟಗೆ ಮಾಡು."

ಎಡಚಿ ಬಲಗೈಯಲ್ಲಿ ತೆಗೆದುಕೊಂಡಳು. ಮನೆಗೆ ಬಂದು ಅಕ್ಷರ ಅಕ್ಷರ ಕೂಡಿಸಿ ಓದಿದಳು. ಕೊನೆಯ ಪದಕ್ಕೆ ಬಂದು ನಿಂತಳು.

"ಏನು ಬರೆದವ್ರೆ?" ಎಂದಳು ಪಕ್ಕದ ಮನೆಯ ಓರಗಿತ್ತಿ.

"ನಮ್ಮ ಮನೆ ಬರೆದವ್ರೆ."

"ನಮ್ಮ ಮನೇನಾ? ಏನಂತ?"

"ಖಾಲಿ ಅಂತ."

ಬಯಲಿನ ನಟ್ಟನಡುವೆ, ಬೇಲಿಗೆ ಒತ್ತಿಕೊಂಡು, ಬತ್ತಿದ ಹಳೇ ಹೊಂಡವೊಂದಿತ್ತು. ಮಣ್ಣು ಅಲ್ಲಿಂದ. ಎರಡು ಅಭ್ಯಾಸಗಳ ನಡುವಿನ ಬಿಸಿಲಲ್ಲಿ ನಾಲ್ವರೂ ಹಾರೆ ಹಾಕಿ ಕೀಳಬೇಕು, ಗುದ್ದಲಿಯಲ್ಲಿ ಬಾಂಡಲಿ ತುಂಬಬೇಕು, ತಲೆಯ ಮೇಲೆ ಹೊತ್ತು ಹೊಂಡದ ದಂಡೆಯಲ್ಲಿ ಗುಡ್ಡೆ ಹಾಕಬೇಕು. ಏರಿ ಕಟ್ಟುವುದು ಆಮೇಲೆ. ಮುಂದಿನ ವಾರ ದೊಡ್ಡಮನೆಯವರೆಲ್ಲ ಆಯ್ಕೆ ಪಂದ್ಯಕ್ಕೂ ಮೊದಲಿನ ಒಂದು ಸಣ್ಣ ಪಂದ್ಯಕ್ಕೆಂದು ನಾಲ್ಕು ದಿನ ನಗರಕ್ಕೆ ಹೋಗುತ್ತಾರೆ, ಬರುವಷ್ಟರಲ್ಲಿ ಏರಿ ಎದ್ದಿರಬೇಕು. ಅಲ್ಲಿಯವರೆಗೆ ಅಭ್ಯಾಸ ನಿಲ್ಲುವಂತಿಲ್ಲ.

ಹೊಂಡದ ತಳ ಕಲ್ಲಿನಂತೆ ಗಟ್ಟಿ. ಹಾರೆ ಹಾಕಿದರೆ ಏಟು ಭುಜಕ್ಕೇ ವಾಪಸು ಬರುತ್ತಿತ್ತು. ಮೂರನೆಯ ದಿನಕ್ಕೆ ಎಡಚಿಯ ಅಂಗೈಯ ಬೊಬ್ಬೆ ಒಡೆದು ಹಾರೆ ಜಾರಿತು. ಮಣ್ಣು ಮೆತ್ತಿ ಮತ್ತೆ ಹಿಡಿದಳು. ಕತ್ತಿನ ನರ ಸಿಂಬೆಯ ಕೆಳಗೆ ಟಕಟಕ ಹೊಡೆದುಕೊಳ್ಳುತ್ತಿತ್ತು.

ಒಂದು ದಿನ ಅಭ್ಯಾಸಕ್ಕೆ ಬೇಗ ಬಂದ ಲೆಫ್ಟಿ ಹೊಂಡದ ದಂಡೆಗೆ ಬಂದು ನಿಂತಳು. ಕೆಟ್ಟ ಹುಡುಗಿಯಲ್ಲ. ಅದೇ ಎಡಚಿಗೆ ಸಹಿಸಲಾಗದ್ದು. ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಿತ್ತು.

"ಅಕ್ಕಾ, ನೀನೂ ಎಡಗೈನಾ? ನಾನೂ!" ಎಂದಳು, ಇಬ್ಬರಿಗೂ ಒಟ್ಟಿಗೆ ಬಹುಮಾನ ಬಂದಷ್ಟು ಖುಷಿಯಿಂದ. "ಬಾ, ಇದನ್ನ ಹಿಡಿ. ಇಷ್ಟು ದಿನ ಯಾರಿಗೆ ಕೊಟ್ರೂ ಉಲ್ಟಾ ಹಿಡೀತಿದ್ರು."

ಎಡಚಿ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಿಡಿದಳು. ಬಿಲ್ಲಿನ ಹಿಡಿ ಬಲಗೈಯ ಅಳತೆಗೆ ಕಡೆದದ್ದು. ಆ ಕೈ ಸುಮ್ಮನೆ ಹಿಡಿದು ನಿಂತರೆ ಸಾಕು, ಕೆಲಸವೆಲ್ಲ ಎಡಗೈಯದು. ಇಷ್ಟು ವರ್ಷ ಎಡಗೈ ಬಲಗೈಯ ಚಾಕರಿ ಮಾಡಿತ್ತು. ಮೊದಲ ಸಲ ಬಲಗೈ ಎಡಗೈಯ ಆಳಾಯಿತು. ಹೆದೆಗೆ ಮೂರು ಬೆರಳು ಹಾಕಿ ಎಳೆದಳು. ತುಂಬಿದ ಬಾಂಡಲಿಯನ್ನು ನೆಲದಿಂದ ತಲೆಗೆ ಎತ್ತುವವಳಿಗೆ ಅದೇನು ಭಾರವಲ್ಲ. ಹೆದೆ ಗದ್ದಕ್ಕೆ ಬಂದು ತಾಗಿತು. ಕೈ ಅಲುಗಲಿಲ್ಲ. ತನ್ನ ಕೈಗೆಂದೇ ಮಾಡಿದ ವಸ್ತುವೊಂದು ಭೂಮಿಯ ಮೇಲೆ ಇದೆ ಎಂಬುದು ಅವಳಿಗೆ ಗೊತ್ತಾದದ್ದು ಆಗ, ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ. ಇದು ಹುಟ್ಟಿದಾಗಿನಿಂದ ಆ ಹುಡುಗಿಯ ಕೈಯಲ್ಲಿತ್ತು. ಚಮಚವಾಗಿ, ಕತ್ತರಿಯಾಗಿ, ಬಿಲ್ಲಾಗಿ.

"ಬಿಡಬೇಡ! ಬಾಣ ಇಲ್ದೆ ಬಿಟ್ರೆ ಬಿಲ್ಲು ಒಡೆಯುತ್ತೆ!" ಗುರಿ ಮೇಷ್ಟ್ರು ಓಡಿ ಬಂದ. ಹತ್ತಿರ ಬಂದವನು ಅವಳ ಬೆನ್ನು ನೋಡಿ ನಿಂತ. "ನೋಡು ಲೆಫ್ಟಿ, ಇಲ್ಲಿ ನೋಡು. ತೋಳಲ್ಲಿ ಎಳೀತಿಲ್ಲ ಇವಳು, ಬೆನ್ನಲ್ಲಿ ಎಳೀತಿದ್ದಾಳೆ. ಒಂದು ತಿಂಗಳಿಂದ ಇದನ್ನೇ ಬಡ್ಕೋತಿದ್ದೀನಿ ನಿಂಗೆ. ಏಯ್, ನಿಧಾನ ವಾಪಸ್ ತಗೊಂಡು ಇನ್ನೊಂದು ಸಲ ಎಳಿ."

ಎಡಚಿ ಮತ್ತೆ ಎಳೆದಳು. ಮೇಷ್ಟ್ರು ಕೋಲಿನಿಂದ ಅವಳ ಬೆನ್ನಿನ ಮೂಳೆಗಳನ್ನು ಮುಟ್ಟಿ ಮುಟ್ಟಿ ಲೆಫ್ಟಿಗೆ ಪಾಠ ಹೇಳಿದ. ಎಳೆದದ್ದನ್ನು ಅವಳು ಬಿಡುವಂತಿರಲಿಲ್ಲ. ಹಿಡಿದೇ ನಿಂತಿರಬೇಕಿತ್ತು. ಆಗ ಧಣಿ ಬಂದ.

"ಬಿಲ್ಲು ಅವಳ ಕೈಗೆ ಯಾರು ಕೊಟ್ಟಿದ್ದು?"

"ಅಪ್ಪಾ, ಅಕ್ಕಂದು ಎಂಥಾ ಬೆನ್ನು ನೋಡಿ..."

"ಅವಳ ಬೆನ್ನು ಮಣ್ಣು ಹೊರೋಕೆ. ಕೊಡೇ ಇಲ್ಲಿ."

ಧಣಿ ಬಿಲ್ಲು ಕಿತ್ತುಕೊಂಡು ಕರವಸ್ತ್ರದಿಂದ ಹಿಡಿಯನ್ನು ತಿಕ್ಕಿ ತಿಕ್ಕಿ ಒರೆಸಿದ. "ಬೆವರು ಅಂಟಿದ್ರೆ ಕೆಡುತ್ತೆ" ಎಂದ. ದಿನಕ್ಕೆ ನಾಲ್ಕು ಗಂಟೆ ಮಗಳ ಬೆವರು ಅಂಟಿದ ಹಿಡಿಯದು. ಮೂರು ಸಲ ಒರೆಸಿ ಆ ಕರವಸ್ತ್ರವನ್ನು ಬೇಲಿಯಾಚೆ ಎಸೆದ. ಲೆಫ್ಟಿ ನೆಲ ನೋಡಿದಳು. ಮೇಷ್ಟ್ರು ಗಡಿಯಾರ ನೋಡಿದ. ಎಡಚಿ ಹೊಂಡಕ್ಕಿಳಿದಳು.

ಬಾವುಟದ ಅಪ್ಪಣೆ ಮುದುಕಿಯ ಮೇಲೆ ಬಿದ್ದದ್ದು ಅದಾದ ಎರಡನೆಯ ಬೆಳಿಗ್ಗೆ. ಆರೂವರೆ ಹೊತ್ತಿಗೆ ಅವಳ ಹೊಟ್ಟೆ ಕೆಟ್ಟಿತು. ಗೋಡೆ ಹಿಡಿದುಕೊಂಡು ಹೊರಗೆ ಹೊರಟಳು. ಬಾವುಟ ಏರಿಸಿ ಇಳಿಸಲು ಧಣಿ ಇಟ್ಟಿದ್ದ ಕಾವಲುಗಾರ ಓಣಿಯಲ್ಲಿ ಕೂಗಿದ, "ಒಳಗೆ ಹೋಗಮ್ಮಾ, ಬಾವುಟ ಹಾರ್ತಾ ಇದೆ!"

"ನನ್ನ ಹೊಟ್ಟೆಗೆ ಬಾವುಟ ಕಾಣಲ್ಲಪ್ಪ. ಒಂದೇ ನಿಮಿಷ ಬಿಡು."

"ನನ್ನ ಕೆಲಸ ಕಳೀತೀಯಾ? ಒಳಗೆ ಹೋಗು ಅಂದ್ನಲ್ಲ!"

ಎಡಚಿ ಹೊರಗೆ ಬಂದು ಅವನ ಜೊತೆ ಬಾಯಿ ಮಾಡುತ್ತಿದ್ದಾಗಲೇ ಒಂದು ಬಾಣ ಸೂಂಯ್ ಎಂದು ನಲ್ಲಿಯ ಕಟ್ಟೆಗೆ ಬಡಿಯಿತು. ಮುದುಕಿ ತಾನೇ ಹಿಂದಕ್ಕೆ ತಿರುಗಿದಳು. ಹೊಸ್ತಿಲು ದಾಟುವಷ್ಟರಲ್ಲಿ ಸೀರೆ ಕೆಟ್ಟಿತ್ತು.

ಅವಳು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಳು. ಮನೆಯಲ್ಲಿದ್ದದ್ದು ಅರ್ಧ ಕೊಡ ನೀರು. ಎಡಚಿ ಅದರಲ್ಲೇ ತೊಳೆದಳು. ಸಾಲಲಿಲ್ಲ. ನಲ್ಲಿಗೆ ಹೋಗುವಂತಿಲ್ಲ, ಬಾವುಟ. ಅತ್ತೆ ಸೊಸೆ ಇಬ್ಬರೂ ಆ ವಾಸನೆಯಲ್ಲಿ ಎಂಟು ಗಂಟೆಯವರೆಗೆ ಕೂತರು. ಬಾಗಿಲ ತೂತಿನಿಂದ ಬೆಳಕಿನ ಒಂದು ಚುಕ್ಕೆ ಒಳಗೆ ಬಿದ್ದಿತ್ತು. ಬಯಲಿನ ಕಡೆಯಿಂದ ಚಪ್ಪಾಳೆ ಕೇಳಿಸಿತು. ಶಹಬ್ಬಾಸ್ ಕೇಳಿಸಿತು. ಮಾತಿಗೊಂದು ತಮಾಷೆ ಮಾಡುತ್ತಿದ್ದ ಮುದುಕಿ ಅವತ್ತು ಬಾಯಿ ಬಿಡಲಿಲ್ಲ. ಸಂಜೆಯವರೆಗೂ ಸೊಸೆಯ ಮುಖ ನೋಡಲಿಲ್ಲ. ಮಾರನೆಯ ದಿನವೂ ಮೂಲೆ ಬಿಟ್ಟು ಏಳಲಿಲ್ಲ.

ಎಡಚಿಯ ಒಳಗೆ ಏನೋ ಒಂದು ಮುಗಿದದ್ದು ಅವತ್ತೇ.

ದೊಡ್ಡಮನೆಯವರು ನಗರಕ್ಕೆ ಹೋದರು. ಮೇಷ್ಟ್ರೂ ಹೋದ. ಹೊರಡುವಾಗ ಧಣಿ ಕಾರಿನ ಕಿಟಕಿಯಿಂದ, "ಗುಡ್ಡೆ ಮಣ್ಣು ಆ ಕಡೆ ಹಾಕಿ ಏರಿ ಎಬ್ಬಿಸಿರಬೇಕು. ಬಂದ ದಿನವೇ ಅಭ್ಯಾಸ" ಎಂದು ಕೈ ಬೀಸಿದ. ಮೊದಲ ಬಾಂಡಲಿ ತುಂಬಿದಾಗ ಎಡಚಿ ಪ್ಲಾಸ್ಟಿಕ್ಕಿನಿಂದ ಹಾಳೆ ತೆಗೆದಳು. ಎಡಗೈಯಲ್ಲಿ ಹಿಡಿದಳು. ತಲೆಕೆಳಗಾಗಿ ಹಿಡಿದಳು. ಆಮೇಲೆ ಬಾಂಡಲಿ ಹೊತ್ತು ದೊಡ್ಡಮನೆಯ ಕಡೆ ನಡೆದಳು.

"ಎಲ್ಲಿಗೇ?" ಎಂದಳು ಓರಗಿತ್ತಿ.

"ಏರಿ ಕಟ್ಟೋಕೆ."

"ಆ ಕಡೆ ಅಲ್ವೇನೇ? ಕಣ್ಣು ಮಂಜಾಯ್ತಾ?"

"ಹಾಳೆ ಇಲ್ಲಿದೆ. ಹಿಡಿದಿರೋಳು ನಾನು. ಕೇಳಿದ್ರೆ ನನ್ನ ಹೆಸರು ಹೇಳು."

ಓರಗಿತ್ತಿಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಅರ್ಥವಾದ ಮೇಲೆ ಅವಳ ಮುಖ ಬಿಳುಚಿತು. "ಕೆಲಸ ಹೋಗುತ್ತೆ ಕಣೇ. ಮನೆಯಿಂದಲೂ ಎಬ್ಬಿಸಿ ಓಡಿಸ್ತಾರೆ."

"ಯಾವ ಮನೆ? ಹಾಳೆ ಮೇಲೆ ನಮಗೆ ಮನೆ ಎಲ್ಲಿದೆ?"

"ಅವ್ರ ಮಗಳ ಮೇಲೆ ನಿಂಗೆ ಹೊಟ್ಟೆಕಿಚ್ಚು. ಅದಕ್ಕೆ ಹಿಂಗಾಡ್ತೀಯಾ."

"ಹೌದು" ಎಂದಳು ಎಡಚಿ. "ಹೊಟ್ಟೆಕಿಚ್ಚೇ. ಅವಳು ನಮ್ಮ ಬಾಗಿಲ ಹತ್ರ ನಿಂತು ಒಂದು ಸಲ ಅವಳ ಮನೆ ನೋಡ್ಬೇಕು. ಬಾಣ ಕೈಯಲ್ಲಿಟ್ಕೊಂಡು ನೋಡ್ಬೇಕು. ನಂಗಷ್ಟೇ ಬೇಕಾಗಿರೋದು."

ಓರಗಿತ್ತಿ ಸಿಂಬೆ ಬಿಚ್ಚಿದಳು, ಮತ್ತೆ ಸುತ್ತಿದಳು, ಮತ್ತೆ ಬಿಚ್ಚಿದಳು. ಎಡಚಿಯ ಮನೆಯ ಕಡೆ ನೋಡಿದಳು. ಮೂಲೆ ಹಿಡಿದಿದ್ದ ಮುದುಕಿ ಅವಳಿಗೂ ಅತ್ತೆಯೇ. ಕೊನೆಗೆ ಬಾಂಡಲಿ ತುಂಬಿ ಎತ್ತಿಕೊಂಡು ಹಿಂದೆಯೇ ಬಂದಳು. ಉಳಿದಿಬ್ಬರೂ ಬಾಂಡಲಿ ಎತ್ತಿಕೊಂಡು ಅವಳ ಹಿಂದೆ ನಡೆದರು.

ನಾಲ್ಕು ದಿನ ಹೊತ್ತರು. ಕೆಲಸದಲ್ಲಿ ಒಂದು ಕೂದಲೆಳೆಯಷ್ಟೂ ಮೋಸ ಮಾಡಲಿಲ್ಲ. ತಳ ಅಗಲ, ಮೇಲೆ ಕಿರಿದು. ಪದರ ಪದರಕ್ಕೆ ನೀರು ಚಿಮುಕಿಸಿ ಮರದ ಕೊರಡಿನಿಂದ ಬಡಿದರು. ಒಂದು ಕಲ್ಲೂ ಇಲ್ಲದಂತೆ ಆರಿಸಿದರು, ಬಾಣದ ಮೊನೆ ಮುರಿಯಬಾರದು. ಎತ್ತರ ಐದಡಿ, ಅಳೆದು ಐದಡಿ. ಹುಲ್ಲಿನ ಪಿಂಡಿಗಳನ್ನು ಅದರ ಮುಂದೆ ಒಟ್ಟಿ ಬಣ್ಣದ ಕಾಗದ ಅಂಟಿಸಿದರು. ಓಣಿಯ ಪಕ್ಕದಲ್ಲಿ, ಎಡಚಿಯ ಬಾಗಿಲಿಗೆ ಬೆನ್ನು ಮಾಡಿ, ಹೊಸ ಸುಣ್ಣದ ಗೆರೆ ಎಳೆದರು. ಕಾವಲುಗಾರ ಎರಡನೆಯ ದಿನ ಬಂದು ತಲೆ ಕೆರೆದುಕೊಂಡ. ಎಡಚಿ ಹಾಳೆ ತೋರಿಸಿದಳು. ಓದಲು ಬಾರದವನು ಹಾಳೆಗೆ ಮರ್ಯಾದೆ ಕೊಟ್ಟು ಹೋದ.

ಐದನೆಯ ದಿನ ನಾಲ್ಕು ಗಂಟೆಗೆ ಕಾರು ಬಂತು. ಹಿತ್ತಲ ಬಾಗಿಲು ತೆಗೆದು ಬಯಲಿಗೆ ಬಂದ ಧಣಿಗೆ ಎದುರಾದದ್ದು ಮಣ್ಣಿನ ಗೋಡೆ. ಅದನ್ನು ಸುತ್ತಿಕೊಂಡು ಬಂದು ನೋಡಿದ. ಮುಖ ಕೆಂಪೇರಿತು.

"ಏ ಎಡಚೀ! ಏನೇ ಇದು?"

ನಾಲ್ವರೂ ಗುದ್ದಲಿ ಹಿಡಿದು ಬಯಲಿನ ನಡುವೆ ನಿಂತಿದ್ದರು. ಎಡಚಿ ಮುಂದೆ ಬಂದಳು. ಹಾಳೆಯನ್ನು ಎಡಗೈಯಲ್ಲೇ ಚಾಚಿದಳು.

"ಏರಿ ಧಣಿ."

"ಆ ಕಡೆ ಕಟ್ಟು ಅಂದ್ರೆ ಈ ಕಡೆ ಕಟ್ಟಿದ್ದೀಯಲ್ಲೇ! ತಲೆ ಕೆಟ್ಟಿದೆಯಾ?"

"ನನ್ನ ಕೈಗೆ ಕೊಟ್ಟದ್ದೆಲ್ಲ ಉಲ್ಟಾ ಅಂತ ನೀವೇ ಹೇಳ್ತೀರಲ್ಲ ಧಣಿ. ಹಾಳೆ ಹಿಂಗೆ ಹಿಡಿದ್ಬಿಟ್ಟೆ. ಅಳತೆ ನೋಡಿ, ಎಪ್ಪತ್ತು ಮೀಟರ್ರೇ ಇದೆ. ಬಿಸಿಲು ಆಗಲೂ ಪಕ್ಕಕ್ಕೇ, ಈಗಲೂ ಪಕ್ಕಕ್ಕೇ. ಎತ್ತರ ಐದಡಿ. ನೀವು ಹೇಳಿದ್ದೇ."

"ಐದಡಿ! ಹಿಂದೆ ಮನೆ ಇದೆಯಲ್ಲೇ, ಕುರುಡೀ! ಬಾಣ ತಪ್ಪಿದ್ರೆ ಯಾರ ಮೈಗೆ ಬೀಳುತ್ತೆ?"

ಹನ್ನೊಂದು ಮನೆಯ ಬಾಗಿಲುಗಳೂ ತೆರೆದಿದ್ದವು. ಎಡಚಿ ಹಾಳೆಯ ತುದಿಗೆ ಬೆರಳಿಟ್ಟಳು.

"ಇಲ್ಲಿ ಖಾಲಿ ಅಂತ ಬರೆದಿದೆ ಧಣಿ."

ಧಣಿ ಹಾಳೆ ಕಸಿದುಕೊಂಡ. ತಿರುಗಿಸಿದ. ಹೇಗೆ ತಿರುಗಿಸಿದರೂ ಆ ಪದ ಒಂದು ಮನೆಯ ಮೇಲೇ ಬೀಳುತ್ತಿತ್ತು. ಮೇಷ್ಟ್ರ ಕಡೆ ನೋಡಿ, "ಐದಡಿ ಸಾಲುತ್ತೇನ್ರೀ?" ಎಂದ.

"ಸಾಲಲ್ಲ ಸಾರ್" ಎಂದ ಮೇಷ್ಟ್ರು, ತನ್ನ ಬೂಟು ನೋಡುತ್ತ. "ಹತ್ತಾದ್ರೂ ಬೇಕು. ಮೊದಲೇ ಹೇಳಿದ್ದೆ."

"ಕೇಳಿಸ್ತಾ?" ಎಂದು ಎಡಚಿ ತನ್ನ ಹಿಂದಿನ ಹೆಂಗಸರ ಕಡೆ ತಿರುಗಿದಳು. "ನಮಗೆ ಐದು ಸಾಕು. ಅವ್ರಿಗೆ ಹತ್ತು ಬೇಕು."

"ಬಾಯಿ ಮುಚ್ಚು. ಈಗಲೇ ಕಿತ್ತು ಆ ಕಡೆ ಹಾಕು."

"ಆಗಲ್ಲ."

ಆ ಪದವನ್ನು ಅವಳು ಆ ಮನುಷ್ಯನ ಎದುರು ಹುಟ್ಟಿದಾಗಿನಿಂದ ಆಡಿರಲಿಲ್ಲ. ಎಡಗೈಯಿಂದಲೇ ಗುದ್ದಲಿಯನ್ನು ಧಣಿಯ ಮುಂದೆ ನೆಲಕ್ಕೆ ಹಾಕಿದಳು. ಅದರ ಮೇಲೆ ಓರಗಿತ್ತಿಯ ಗುದ್ದಲಿ ಬಿತ್ತು. ಮತ್ತೆರಡು ಬಿದ್ದವು.

"ಬೇರೆ ಜನ ತರಿಸ್ತೀನಿ."

"ತರಿಸಿ. ಅವ್ರಿಗೂ ಹೇಳ್ತೀವಿ, ಏರಿ ಹಿಂದೆ ಯಾರು ಇರ್ತಾರೆ ಅಂತ. ನಮ್ಮತ್ತೆಗೆ ಏನಾಯ್ತು ಅಂತಾನೂ ಹೇಳ್ತೀವಿ. ಹೇಳೋಕೆ ನಮಗೇನು ನಾಚಿಕೆ? ನಾಚಿಕೆ ಆಗ್ಬೇಕಾದವ್ರು ಬೇರೆ ಇದ್ದಾರೆ."

ಈ ಗದ್ದಲದಲ್ಲಿ ಲೆಫ್ಟಿಯ ಕಡೆ ಯಾರ ಗಮನವೂ ಇರಲಿಲ್ಲ. ಅವಳು ಬಿಲ್ಲು ಹಿಡಿದು ಬಯಲು ದಾಟಿ, ಹೊಸ ಸುಣ್ಣದ ಗೆರೆಯ ಮೇಲೆ ನಿಂತಿದ್ದಳು. ಬೆನ್ನ ಹಿಂದೆ ತೂತು ಬಿದ್ದ ಬಾಗಿಲು. ಎದುರಿಗೆ ಗುರಿ, ಗುರಿಯ ಹಿಂದೆ ಏರಿ, ಏರಿಯ ಮೇಲುಗಡೆ ತಾನು ಹುಟ್ಟಿ ಬೆಳೆದ ಮನೆಯ ಕಿಟಕಿಗಳು. ಎಡಚಿ ಅವಳ ಹತ್ತಿರ ಹೋದಳು.

"ಅಕ್ಕಾ, ನಾನೇನು ಮಾಡಿದೆ?" ಎಂದಳು ಹುಡುಗಿ. ಕಣ್ಣು ತುಂಬಿತ್ತು.

"ನೀವೇನೂ ಮಾಡಿಲ್ಲ. ಮಾಡಿದ್ದೆಲ್ಲ ನಾವೇ. ಹೊಡೀರಿ. ಎದುರಿಗೆ ಖಾಲಿ."

ಹುಡುಗಿ ಬಾಣ ಹೂಡಿದಳು. ಅದು ಅಭ್ಯಾಸಬಲ. ಕಾವಲುಗಾರ ಓಣಿಯ ಕಂಬದಲ್ಲಿ ಕೆಂಪು ಬಾವುಟ ಏರಿಸಿದ. ಅದೂ ಅಭ್ಯಾಸಬಲ. ಹೆದೆ ಅರ್ಧಕ್ಕೆ ಬಂತು. ಅಷ್ಟರಲ್ಲಿ ಗಲಾಟೆ ಕೇಳಿ ಧಣಿಯ ಹೆಂಡತಿ ಮಹಡಿಯ ಮೇಲೆ ಬಂದು, ಕಟಾಂಜನ ಹಿಡಿದು ಬಗ್ಗಿ ನೋಡಿದಳು. ಲೆಫ್ಟಿಯ ಎಡಗೈ ನಡುಗತೊಡಗಿತು. ಆ ಕೈ ನಡುಗುವುದನ್ನು ಎಡಚಿ ಕಣ್ತುಂಬ ನೋಡಿದಳು. ಅವಳಿಗೆ ಖುಷಿಯಾಯಿತು. ಅದನ್ನೂ ಮುಚ್ಚಿಡುವುದು ಬೇಡ.

ಆಗ ಹಿಂದೆ ಬಾಗಿಲು ಕಿರ್ರೆಂದಿತು. ವಾರದಿಂದ ಮೂಲೆ ಬಿಟ್ಟು ಏಳದಿದ್ದ ಮುದುಕಿ ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಹೊರಗೆ ಬಂದಳು. ಬಾವುಟ ನೋಡಿದಳು. ಗೆರೆಯ ಮೇಲಿನ ಹುಡುಗಿಯನ್ನು ನೋಡಿದಳು. ಬಾಣದ ಮೊನೆ ತೋರಿಸುತ್ತಿದ್ದ ಕಡೆ ನೋಡಿದಳು. ಆಮೇಲೆ ನಿಧಾನವಾಗಿ ಓಣಿಯ ನಡುಮಧ್ಯೆ ನಲ್ಲಿಯ ಕಡೆ ನಡೆಯುತ್ತ, ಮಹಡಿಯ ಕಡೆ ಕೈ ಎತ್ತಿ, ಸಾಲಿಗೆ ಸಾಲೇ ಕೇಳುವಂತೆ ಕೂಗಿದಳು.

"ಒಳಗೆ ಹೋಗ್ರಮ್ಮಾ! ಬಾವುಟ ಹಾರ್ತಾ ಇದೆ!"

ಲೆಫ್ಟಿ ಬಿಲ್ಲು ಇಳಿಸಿದಳು. ಮಹಡಿಯ ಮೇಲಿನ ಹೆಂಗಸು ಅದಕ್ಕೂ ಕಾಯಲಿಲ್ಲ. ಸೆರಗು ಎಳೆದುಕೊಂಡು ಒಳಗೆ ಓಡಿದಳು. ದೊಡ್ಡಮನೆಯ ಬಾಗಿಲು ಹಾಕಿಕೊಂಡ ಸದ್ದು ನಲ್ಲಿಯವರೆಗೂ ಕೇಳಿಸಿತು.